ಬಾಯಿ ಇದ್ದ ಚೆಂಡು

ಹದಿನೆಂಟು ಪಟ್ಟಿ ತೊಗಲು, ನಡುವೆ ಒಂದು ಬಾಯಿ,
ಬಾಯೊಳಗೆ ಕೆಂಪು ರಬ್ಬರಿನ ಬ್ಲಾಡರು.
ಪಂಪು ಕ್ಯೂರಿಂಗ್ ವರ್ಕ್ಸಿನ ಕಪಾಟಿನಲ್ಲಿ, ಬೀಗದಲ್ಲಿ;
ಅದಕ್ಕೇ ಅಪ್ಪ ಬಾಯಲ್ಲೇ ಊದುತ್ತಿದ್ದ,
ಕತ್ತಿನ ನರ ಉಬ್ಬಿ, ಕಣ್ಣು ಕೆಂಪಗಾಗಿ.
ನಾನು ನಳಿಗೆಗೆ ದಾರ ಸುತ್ತಿ ಗಂಟು ಬಿಗಿಯಬೇಕು.
ಒಂದು ಚಣ ತಡವಾದರೂ ಅವನ ಉಸಿರು
ನನ್ನ ಮುಖಕ್ಕೇ ವಾಪಸ್ಸು: ಬೀಡಿ, ಹುರುಳಿ ಸಾರು.

ಚಿಕ್ಕಮಗಳೂರಿನ ಮಾರ್ಕೆಟ್ ರಸ್ತೆ. ನಮ್ಮದು ಅಂಗಡಿಯಲ್ಲ,
ಯಾರದೋ ಅಂಗಡಿಯ ಮೆಟ್ಟಿಲು.
ಹೋಟೆಲಿನ ರೇಡಿಯೋ ಕಿವಿಗೆ ಸಿಕ್ಕಷ್ಟು
ಅಲ್ಲೇ ಕೂತು ಹೇಳುವನು:
ಲಂಡನ್ನಿನಲ್ಲಿ ನಮ್ಮವರು ಬರಿಗಾಲಲ್ಲಿ ಆಡಿದರಂತೆ,
ಎರಡು ಪೆನಾಲ್ಟಿ ಹಾಳು ಮಾಡಿಕೊಂಡು ಸೋತರಂತೆ,
ಸೋತವರ ಪಾದ ನೋಡಲು ಜನ ನಿಂತರಂತೆ.
ಬ್ರೆಜಿಲ್ಲಿಗೆ ಯಾಕೆ ಹೋಗಲಿಲ್ಲವೋ.
ಬೂಟಿಲ್ಲದ್ದಕ್ಕೆ ಅಂದರು ಕೆಲವರು, ಹಡಗಿನ ಖರ್ಚಿಗೆ ಅಂದರು ಕೆಲವರು.
ಅಪ್ಪ ಮಾತ್ರ ತುಟಿಯಲ್ಲಿ ಮೊಳೆ ಕಚ್ಚಿಕೊಂಡು
ಏನೂ ಹೇಳುತ್ತಿರಲಿಲ್ಲ.
ಮೆಟ್ಟು ಹೊಲಿದು ಬದುಕುವವನಿಗೆ
ಮೆಟ್ಟಿಲ್ಲದ ಹನ್ನೊಂದು ಜನರ ಮೇಲೆ ಅಷ್ಟು ಅಭಿಮಾನ
ಹೇಗೆ ಬಂತೋ.

ಮುಂದಿನ ಸಲ ಹೆಲ್ಸಿಂಕಿ. ಚಳಿ. ನಮ್ಮದೊಂದು, ಅವರದು ಹತ್ತು.
ಆಮೇಲೆ ಕಾನೂನು: ಬೂಟಿಲ್ಲದೆ ಯಾರೂ ಇಳಿಯಕೂಡದು.
ದೇಶ ತಿಂದ ಹತ್ತು ಗೋಲಿನಿಂದ ನಮ್ಮ ಮನೆಗೆ
ಹನ್ನೊಂದು ಜೊತೆ ಬೂಟಿನ ಆರ್ಡರು.
ಹಳೇ ಪೇಪರಿನ ಮೇಲೆ ಪಾದ ಇಡಿಸಿ ಅಪ್ಪ ಅಳತೆ ತೆಗೆದ:
ಗೋಣಿ ಹೊರುವ ಮುನಿಯಾಂಡಿಯದು ಮೊರದಗಲ,
ಬೊನಿಫಾಸನ ಹೆಬ್ಬೆರಳು ಡೊಂಕು,
ಗೋಲ್ ಕಾಯುವ ಸತ್ತಾರ್ ಸಾಬರಿಗೆ ಎರಡೂ ಎಡಗಾಲೇ ಇದ್ದ ಹಾಗೆ.
ಗುಮಾಸ್ತೆ ವಾದಿರಾಜರು ಪಾದ ಮುಟ್ಟಿಸಿಕೊಳ್ಳದೆ
ತಾವೇ ಪೆನ್ಸಿಲ್ ಹಿಡಿದು ಗೆರೆ ಎಳೆದುಕೊಟ್ಟರು.
ಅವರ ಬೂಟೇ ಸರಿಯಾಗಲಿಲ್ಲ.

ಸಕಲೇಶಪುರದವರ ಮೇಲೆ ಪಂದ್ಯ. ಅರ್ಧ ಆಟಕ್ಕೆ ಮೂರು ಸೊನ್ನೆ,
ಒಳಗಿನಿಂದ ಮೊಳೆ ಚುಚ್ಚಿ ಎಲ್ಲರ ಹಿಮ್ಮಡಿಯಲ್ಲೂ ರಕ್ತ.
ಬಿಚ್ಚಿ ಎಸೆದರು. ರೆಫರಿ ಬೇರೆ ಕಡೆ ನೋಡಿದ.
ಇಪ್ಪತ್ತೆರಡು ಬೂಟು ಕಾಯುತ್ತ ಅಪ್ಪ ಸುಣ್ಣದ ಗೆರೆಯಾಚೆ ಕೂತ,
ಗುಡಿಯ ಹೊರಗೆ ಚಪ್ಪಲಿ ಕಾಯುವವನ ಹಾಗೆ;
ಗುಡಿಯ ಒಳಗು ಹೇಗಿರುತ್ತದೆಂದು ಅವನು ನೋಡಿದ್ದಿಲ್ಲ.

ಆಗ ಬಿತ್ತು ಆ ಗೋಲು. ಬೊನಿಫಾಸ್ ಮೂಲೆಯಿಂದ ಎತ್ತಿದ,
ವಾದಿರಾಜರು ಹಾರಿದರು, ಹಣೆ ಕೊಟ್ಟರು.
ಅಪ್ಪ ಹದ ಮಾಡಿ, ಕೊಯ್ದು, ಹೊಲಿದ ದನದ ತೊಗಲು,
ಒಳಗೆ ಅಪ್ಪನ ಬಾಯಿಯ ಗಾಳಿ.
ಅಂಗಾರದ ಗೀಟಿನ ಪಕ್ಕ ಲೇಸಿನ ಗೀಟು, ಕೆಂಪಗೆ.
ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಂಡರಂತೆ.
ಮಾರನೆ ದಿನವೂ ಅದು ಹಾಗೇ ಇತ್ತು,
ಬೀಜ ಆರಿಸುವ ಅವ್ವನ ಜೊತೆ ಹೋದಾಗ
ಸಂಬಳದ ಕಿಟಕಿಯಲ್ಲಿ ನಾನೇ ಕಂಡೆ.
ಪಂದ್ಯ ಸೋತೆವು, ಮೂರಕ್ಕೆ ಒಂದು.

ಆಮೇಲೆ ಜಕಾರ್ತದ ಚಿನ್ನ ಬಂತು, ಬೂಟು ಹಾಕಿದವರದು.
ಅರವತ್ತರ ದಶಕ ಮುಗಿಯುವ ಹೊತ್ತಿಗೆ ಮೈಸೂರು
ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿ ತಂತು,
ಮರುವರ್ಷ ಮತ್ತೆ. ಆ ಮತ್ತೆಗೆ ಅಪ್ಪ ಇರಲಿಲ್ಲ.
ಮೊಳೆಗೆ ನೇತುಹಾಕಿದ ಚೆಂಡೊಂದಿತ್ತು,
ಹಿಂದಿನ ಶನಿವಾರ ಊದಿದ್ದು, ಗಂಟು ನನ್ನದು.
ದಿನಾ ಹೆಬ್ಬೆರಳಲ್ಲಿ ಒತ್ತಿ ನೋಡುತ್ತಿದ್ದೆ.
ತಿಥಿಯ ಹೊತ್ತಿಗೆ ಬೆರಳು ಗೆಣ್ಣಿನವರೆಗೆ ಇಳಿಯುತ್ತಿತ್ತು.
ಕ್ಯೂರಿಂಗ್ ವರ್ಕ್ಸಿನವರು ಕೇಳಿ ಕಳಿಸಿದರು,
ಇನ್ನೂ ಹೊಲಿಗೆ ಬಾಕಿ ಅಂದೆ.

ಐವತ್ತನಾಲ್ಕು ವರ್ಷ ಬಿಟ್ಟು ನಮ್ಮ ರಾಜ್ಯ ಮತ್ತೆ ಗೆದ್ದ ರಾತ್ರಿ
ಮೊಮ್ಮಗಳು ಮೊಬೈಲು ತೋರಿಸಿದಳು, ಎಲ್ಲೋ ಅರಬರ ಊರು.
ಚೆಂಡಿನ ಮೇಲೆ ಹೊಲಿಗೆ ಹುಡುಕಿದೆ. ಅಂಟಿಸಿದ್ದಂತೆ.
ಬಾಯೆಲ್ಲೇ ಅಂದೆ. ಸೂಜಿ ಹಾಕೋ ತೂತು ಅಷ್ಟೇ ಅಜ್ಜಿ, ಅಂದಳು.
ಇವಳು ಜಿಲ್ಲಾ ತಂಡದ ಬಲಗಡೆಯವಳು.
ಪ್ರಾಕ್ಟೀಸಿನಿಂದ ಬಂದು ಬೂಟು ಹೊಸ್ತಿಲಲ್ಲೇ ಬಿಡುತ್ತಾಳೆ.
ನಾನು ಒಳಗೆ ಕೈ ಹಾಕಿ ಮೊಳೆ ತಡವುತ್ತೇನೆ.
ಅಲ್ಲಿ ಇನ್ನೂ ಬೆಚ್ಚಗಿರುತ್ತದೆ.