ಲಾಳಿ ಇಟ್ಟ ಜಾಗ

ಬೆಟಗೇರಿಯ ಈ ಪಾದ್ರಿ ಮನೆಗೆ ಬಂದಾಗ
ಹನ್ನೊಂದು ಸಾಬೂನಿನ ರಟ್ಟಿನ ಡಬ್ಬಿ, ಎರಡು ಜೋಳದ ಚೀಲ:
ಇಷ್ಟೇ ನನ್ನ ದೇವಶಾಸ್ತ್ರ.
'ಕಲ್ಲೇನ್ರೀ ಒಳಗ?' ಅಂದ ಹಮಾಲ.
ಹೌದಪ್ಪಾ, ಕೆಲವಂತೂ ಕಲ್ಲೇ.

ಕಪಾಟು ಇರಲಿಲ್ಲ. ಗೋಡೆಯ ಮಾಡದಲ್ಲಿ
ಹಳೆ ದೀಪದ ಮಸಿ, ಹಲ್ಲಿಯ ಮೊಟ್ಟೆ.
ಮೂರನೆಯ ಭಾನುವಾರ ಆರಾಧನೆ ಮುಗಿದ ಮೇಲೆ
ಎಲೀಷಪ್ಪ ಮೆಟ್ಟಿಲ ಬಳಿ ನಿಂತಿದ್ದ.
'ಮಗ್ಗ ಬಿಚ್ಚೀನ್ರೀ. ಸಾಗವಾನಿ ಐತಿ.
ಒಲಿಗೆ ಹಾಕಾಕ ಮನಸ್ಸ ಬರವಲ್ದು.'
ಅವನ ಅಜ್ಜನ ಕಾಲದಿಂದ ಕುಣಿ ಬಿಟ್ಟು ಕದಲದ ಮಗ್ಗ
ಎರಡೇ ದಿನದಲ್ಲಿ ನನ್ನ ಗೋಡೆಗೆ ಆತು ನಿಂತಿತು,
ಐದು ಫಳಿ. ಮೂರನೆಯದರ ಅಂಚಿನಲ್ಲಿ
ನೂಲು ಕೊರೆದ ಗೆರೆಗಳು ಇನ್ನೂ ಇವೆ,
ಬೆರಳಾಡಿಸಿದರೆ ಸಿಗುತ್ತವೆ.

ಜೋಡಿಸುವುದು ಹೇಗೆ?
ಸೆಮಿನರಿಯಲ್ಲಿ ಕಲಿತದ್ದು: ಮೊದಲು ವ್ಯಾಖ್ಯಾನ, ಆಮೇಲೆ ಸಿದ್ಧಾಂತ,
ಸಭೆಯ ಚರಿತ್ರೆ, ಕೊನೆಗೆ ಪ್ರಸಂಗ.
ಲೋಯಿಸಳ ಪದ್ಧತಿ ಬೇರೆ: ಎತ್ತರದವು ಹಿಂದೆ, ಗಿಡ್ಡವು ಮುಂದೆ,
ಮದುವೆ ಫೋಟೋಕ್ಕೆ ನಿಲ್ಲಿಸಿದ ಹಾಗೆ.
ಗೆದ್ದಲಿನದು ಇನ್ನೊಂದು. ಹಿಂದಿನ ಊರಿನಲ್ಲಿ
ಕೃಪೆಯ ಮೇಲಿನ ನಾಲ್ಕು ಸಂಪುಟಗಳಲ್ಲಿ
ಎರಡನ್ನೂ ಮೂರನ್ನೂ ತಿಂದು, ಉಳಿದದ್ದಕ್ಕೆ ಬಾಯಿ ಹಾಕಲಿಲ್ಲ.
ಹೀಗಾಗಿ ಕೃಪೆ ಎಲ್ಲಿ ಶುರುವಾಗುತ್ತದೆ ಬಲ್ಲೆ,
ಎಲ್ಲಿಗೆ ಮುಟ್ಟುತ್ತದೆ ಬಲ್ಲೆ,
ನಡುವಿನದು ಅಂದಾಜು.

ಮೇಲಿನ ಫಳಿ ರೆವರೆಂಡ್ ಆಮೋಸ ಗುಡಗೇರಿಯವರದು.
ಅವರು ತೀರಿದ ಮೇಲೆ ಧಾರವಾಡದಲ್ಲಿ ಪರ್ಸಿಸಬಾಯಿ
ಹಣ ಮುಟ್ಟಲಿಲ್ಲ. ಒಂದೇ ಕರಾರು:
'ಓದದಿದ್ರೂ ಚಿಂತಿಲ್ಲ, ತಿಂಗಳಿಗೊಮ್ಮೆ ಬಿಸಲಿಗೆ ಹಾಕ್ರಿ.'
ಒಳಗೆ ಒಣಗಿದ ಬೇವಿನೆಲೆ, ಹುಬ್ಬಳ್ಳಿಯ ರೈಲು ಚೀಟಿ,
ಒಂದರಲ್ಲಿ, ಪಾಪದ ಅಧ್ಯಾಯದ ಎದುರಿಗೇ,
ಪೆನ್ಸಿಲ್ಲಿನಲ್ಲಿ: ನಾಳೆ ಹಾಲಿನವನಿಗೆ ಮೂರು ರೂಪಾಯಿ.
ಅಳಿಸಿಲ್ಲ.
ಜರ್ಮನ್ ಅಕ್ಷರದವು ಐದು, ಹಳೆ ಮಿಷನ್ ಬಂಗಲೆಯವು.
ಓದಲು ಬಾರದು, ಕೊಡಲು ಮನಸ್ಸಿಲ್ಲ.
ಮನೆಯ ಹಿರಿಯರ ಹಾಗೆ ಮೂಲೆ ಹಿಡಿದು ಕೂತಿರುತ್ತವೆ,
ಕೆಮ್ಮುವುದಿಲ್ಲ ಅಷ್ಟೇ.

ಒಯ್ದವರ ಲೆಕ್ಕಕ್ಕೆ ಒಂದು ವಹಿ ಇಟ್ಟೆ. ವಹಿಯನ್ನೇ ಯಾರೋ ಒಯ್ದರು.
ಎಲೀಷಪ್ಪ ಲಾಳಿಗಳ ಬುಟ್ಟಿ ತಂದ:
'ಪುಸ್ತಕ ಹೋದ ಜಾಗಕ್ಕ ಒಂದೊಂದು ಇಡ್ರಿ.
ಲಾಳಿ ಅಂದ್ರ ಹೋಗೂದು, ಬರೂದು.'

ಗದಿಗೆಪ್ಪ ಮಾಸ್ತರರು ತ್ರಿತ್ವದ ಪುಸ್ತಕ ಒಯ್ದು
ಎಂಟೇ ದಿನಕ್ಕೆ ತಂದರು. ಅಂಚಿನಲ್ಲಿ ದುಂಡಗೆ ಬರೆದಿದ್ದರು:
ಇದು ನಮ್ಮಲ್ಲೂ ಉಂಟು. ಇದು ತಿಳಿಯಲಿಲ್ಲ.
ಎರಡನೆಯ ಮಾತು ನಾನೇ ಬರೆಯಬೇಕಿತ್ತು.
ರಿಕ್ಷಾದ ಸೀಲಾಸ ನರಕದ ಮೇಲಿನ ತೆಳುವಾದದ್ದೊಂದು ಒಯ್ದ.
ಪುಸ್ತಕವೂ ಬರಲಿಲ್ಲ, ಅವನೂ.
ಸ್ಟ್ಯಾಂಡಿನಲ್ಲಿ ಕಂಡರೆ ಹಾರ್ನು ಹೊಡೆದು ಓಡುತ್ತಾನೆ.

ಆಸ್ಪತ್ರೆಯ ತಬಿತಾ ಸಿಸ್ಟರ್
ಮಗುವನ್ನು ಮಣ್ಣು ಮಾಡಿದ ಮರುವಾರ ಬಂದಳು.
ನಾಲ್ಕನೆಯ ಫಳಿಯಲ್ಲಿ ಕಷ್ಟದ ಕುರಿತೇ
ಒಂದೂವರೆ ಮೊಳ ಪುಸ್ತಕ.
ನನ್ನ ಕೈ ಒಂದರ ಬೆನ್ನು ಮುಟ್ಟಿತು, ಇನ್ನೊಂದರದು ಮುಟ್ಟಿತು,
ಯಾವುದನ್ನೂ ಎಳೆಯಲಿಲ್ಲ.
ಅವಳು ಮೂಲೆಯ ಜರ್ಮನ್ನಿನ ಒಂದನ್ನು ತೆಗೆದು
ಪುಟ ಮಗುಚಿದಳು.
'ಇದು ಏನೂ ಹೇಳೂದಿಲ್ಲಲ್ರೀ?'
ಇಲ್ಲವ್ವ, ನನಗಂತೂ ಹೇಳಿಲ್ಲ.
'ಹಂಗಾರ ಇದ ಇರಲಿ.'

ಈಗ ರಾಣೆಬೆನ್ನೂರಿಗೆ ವರ್ಗ.
ಫಳಿ ಸಭೆಯ ಆಸ್ತಿ, ಇಲ್ಲೇ ಇರಬೇಕೆಂದು ಕಮಿಟಿಯ ಠರಾವು.
ಎಲೀಷಪ್ಪ ಸಭೆಗೆ ಬಂದಿದ್ದ, ಮಾತಾಡಲಿಲ್ಲ.
ಲೋಯಿಸ ಎತ್ತರ ನೋಡಿ ಡಬ್ಬಿ ತುಂಬುತ್ತಾಳೆ.
ನನಗೂ ಸಾಕಾಗಿದೆ, ಹಾಗೇ ಆಗಲಿ.
ತಬಿತಾಳನ್ನು ಕೇಳಿಲ್ಲ, ಕೇಳುವುದೂ ಇಲ್ಲ.
ಜರ್ಮನ್ ನಾಲ್ಕರ ನಡುವೆ
ಅವಳ ಲಾಳಿಯನ್ನು ಹಾಗೇ ಇಟ್ಟು ದಾರ ಬಿಗಿದೆ.
ಆ ಊರಿನ ಹಮಾಲ ಎತ್ತಿ ಅಲುಗಿಸಿದರೆ
ಒಳಗೆ ಒಮ್ಮೆ ಖಟ್ ಅಂದೀತು.