ನಲವತ್ತೊಂದು

ಸಾವರ್ಡೆಯ ಜೆಟ್ಟಿಯ ಪಕ್ಕ, ಲಾರಿ ಕಾಟಾದ ಗೂಡಿನೊಳಗೆ
ಎಲ್ಲವೂ ಅದಿರಿನ ಬಣ್ಣ:
ಕೀಬೋರ್ಡು, ಚಹಾದ ಗ್ಲಾಸು, ಫಕ್ಕೀರಪ್ಪನವರ ಕಿವಿ.
ಬಿಳಿಯದೆಂದರೆ ಪರದೆಯ ಮೇಲಿನ ಅಂಕಿ ಒಂದೇ.

ಯಾರೋ ಎಂದೋ ಸಿ ಭಾಷೆಯಲ್ಲಿ ಬರೆದು ಹೋದದ್ದು.
ಏನೇ ಕೆಟ್ಟರೂ ಅದು ಹೇಳುವುದು ಇಷ್ಟು: ತಪ್ಪು ೧೩.
ತಪ್ಪು ೨೮.
ಯಾರದು, ಯಾಕೆ, ಮುಂದೇನು, ಕೇಳಬೇಡಿ.

ಮ್ಯಾನೇಜರ್ ಕುಂಕಳ್ಳೇಕರ್ ಫೋನಿನಲ್ಲಿ ಅಂದಿದ್ದರು,
"ಮನುಷ್ಯರಿಗೆ ತಿಳಿಯೋ ಹಾಗೆ ಮಾಡಿ ಮೇಡಂ. ಅರ್ಧ ದಿನದ ಕೆಲಸ."
ಅರ್ಧ ದಿನವೂ ಅಲ್ಲ, ಒಂದು ಸಾಲು.
ಸ್ಟ್ರ್‌ಎರರ್ ಎಂದು ಕರೆದು ಕೈಗೆ ಅಂಕಿ ಕೊಟ್ಟರೆ
ವಾಕ್ಯ ಹಿಡಿದು ಬರುತ್ತದೆ, ಇಂಗ್ಲಿಷಿನಲ್ಲಿ, ಟೈ ಕಟ್ಟಿಕೊಂಡು.
ಬಿಲ್ಲನ್ನು ನಾನು ಮಡಗಾಂವಿನ ರೈಲಿನಲ್ಲೇ ಬರೆದಿಟ್ಟಿದ್ದೆ.

"ಇಷ್ಟು ದಿನ ಹೆಂಗ ನಡಸಿದ್ರಿ?"
ಅವರು ಮಾತಾಡಲಿಲ್ಲ. ಗೋಡೆಯ ಕ್ಯಾಲೆಂಡರು ತಿರುವಿದರು.
ಹಿಂಬದಿಗೆ, ನೀಲಿ ಬಾಲ್‌ಪೆನ್ನಿನಲ್ಲಿ,
ಶಾಲೆ ಅರ್ಧಕ್ಕೆ ಬಿಟ್ಟ ಕೈಬರಹ:

೨ ಬಂದ್ರ ಹುಡಕೂದು ಇಲ್ಲ. ನಿನ್ನಿ ತಾರೀಕು ಹಾಕಿ ನೋಡು.
೫, ವಾಯರ್ ಅಲ್ಲಾಡ್ಸು. ಇಲಿ.
೧೩, ಬಾಗಲಾ ಐತಿ, ಕೀಲಿ ನಮ್ಮ ಕಡೆ ಇಲ್ಲ.

ಹನ್ನೊಂದರ ಮೇಲೆ ಚಹಾದ ಕಲೆ; ಕಲೆಯ ಒಳಗೆ
ಒಂದು ಬೀಡಿ ಸೇದಿ ಬಾ, ಆಮ್ಯಾಲ ಕೇಳು.
ಕೈಪಿಡಿಯೂ ಅದನ್ನೇ ಹೇಳುತ್ತದೆ, ಬೀಡಿಯೊಂದನ್ನು ಬಿಟ್ಟು.

೨೮, ತುಂಬೇತಿ. ಹಳೇ ರಸೀದಿ ತಗಿ.
ಮತ್ತೆ ಇದು, ಕೆಳಗೆ ಎರಡು ಗೆರೆ ಎಳೆದು:
೨೫ ಸುಳ್ಳ ಹೇಳತೈತಿ. ನಂಬಬ್ಯಾಡ.

ನಾನು ಕೂತುಬಿಟ್ಟೆ.
ಬಿದ್ದ ಕೂಡಲೇ ಕೇಳಬೇಕು, ಯಾಕೆ ಬಿದ್ದೆ ಎಂದು.
ಹಳಬ ಮೊದಲು ಲಾಗಿಗೆ ಅಯ್ಯೋ ಎಂದು ಬರೆಯುತ್ತಾನೆ;
ಆ ಅಯ್ಯೋ ತಾನೂ ಎಡವುತ್ತದೆ, ಇದು ಟರ್ಮಿನಲ್ಲೇ ಅಲ್ಲವಲ್ಲ ಎಂದು,
ಎರ್ನೋದಲ್ಲಿದ್ದ ನಿಜದ ಮೇಲೆ
ತನ್ನ ಇಪ್ಪತ್ತೈದನ್ನು ಒತ್ತಿ ಹೋಗುತ್ತದೆ.
ಎರ್ನೋ ಎಂಬುದು ಒಂದೇ ಹಲಗೆ. ಕೊನೆಗೆ ಸೋತವನ ಬರಹವೇ ಉಳಿಯುವುದು,
ಗೆದ್ದವರು ಬಂದು ಒರೆಸಿ ಹೋಗುವ ಪದ್ಧತಿಯಿಲ್ಲ.
ಇಷ್ಟು ತಿಳಿಯಲು ನನಗೆ ಒಂದು ನೌಕರಿ ಹೋಗಬೇಕಾಯಿತು.
ಇವರಿಗೆ ಎಷ್ಟು ರಾತ್ರಿ?

ತಪ್ಪಿದ ಮರುಸಾಲಿನಲ್ಲೇ ಅಂಕಿಯನ್ನು ಎತ್ತಿಟ್ಟೆ, ಬೇರೆ ಡಬ್ಬಿಗೆ.
ಆಮೇಲೆ ಸ್ಟ್ರ್‌ಎರರ್ ಸಾಲು ಅಳಿಸಿದೆ.
ಒಂದು ಕೋಷ್ಟಕ ಕಟ್ಟಿ, ಕ್ಯಾಲೆಂಡರಿನ ಬೆನ್ನನ್ನು
ಕಾಗುಣಿತ ತಿದ್ದದೆ ಇಳಿಸಿಕೊಳ್ಳತೊಡಗಿದೆ.

ತೀರ ಕೆಳಗೆ, ೪೧. ಮುಂದೆ ಬರೀ ಗೆರೆ.
"ಇದು ಯಾವಾಗ ಬಂದಿತ್ರಿ?"
"ಅದು ಮಷೀನಿಂದಲ್ರೀ ಅಕ್ಕಾರ, ನಂದು.
ಗಣಿ ನಿಂತ್ವಲ್ಲ, ಆವಾಗ. ರಾತ್ರಿ ಪೂರಾ ಕುಂದರ್ತಿದ್ದೆ.
ಒಂದು ಲಾರಿ ಇಲ್ಲ. ಬಾರ್ಜು ಕಟ್ಟಿದ್ದು ಕಟ್ಟಿದಂಗ.
ಪರದಿ ಮ್ಯಾಲ ಏನೂ ಬರವಲ್ದು. ಅದರ ಲೆಕ್ಕಕ್ಕ ತಪ್ಪ ಆಗಿಲ್ಲ.
ಆಗಿಲ್ಲಂದ್ರ ಹೆಂಗ್ರೀ? ಅದಕ್ಕ ನಾನಾ ಒಂದು ನಂಬರ್ ಇಟ್ಟೆ.
ಮೊದಲ ನಮ್ಮ ರೋಣದ ಕಡೆಯವರವು ನಲವತ್ತೊಂದು ಲಾರಿ ಇದ್ದವು."

ಸಿಸ್ಟಮ್ಮಿನ ಪಟ್ಟಿ ತೆರೆದೆ. ನಲವತ್ತು ಇದೆ. ನಲವತ್ತೆರಡು ಇದೆ.
ನಡುವಿನದನ್ನು ಯಾರೂ ಬಳಸದೆ ಬಿಟ್ಟಿದ್ದಾರೆ,
ಬಸ್ಸಿನಲ್ಲಿ ಟವೆಲು ಹಾಕಿದ ಸೀಟಿನ ಹಾಗೆ.

ಅಲ್ಲಿ ಬರೆದೆ: ಲಾರಿ ಬರಲಿಲ್ಲ.
ಯಾವ ಕರೆಯೂ ಎಂದೂ ಈ ಅಂಕಿ ಹೊತ್ತು ಮರಳುವುದಿಲ್ಲ.
ಕಂಪೈಲರು ತಕರಾರು ತೆಗೆಯಲಿಲ್ಲ.

ಬಿಲ್ಲಿಗೆ ಇನ್ನೊಂದು ಸಾಲು, ಅನುವಾದದ ಬಾಬತ್ತು.
ಹಣ ಯಾರಿಗೆ ಎಂಬಲ್ಲಿ ಪೆನ್ನು ನಿಲ್ಲಿಸಿ
ಅವರ ಪೂರ್ತಿ ಹೆಸರು ಕೇಳಿದೆ.
"ಫಕ್ಕೀರಪ್ಪ ಯಲ್ಲಪ್ಪ ಹಾದಿಮನಿ," ಅಂದರು. ತಡೆದು,
"ಯಾಕ್ರೀ? ಏನ್ ತಪ್ಪಾತು?"