ದೋಷಕ್ಕೆ ಕಾರಣ

ಶಿರಿಯಾ ಹೊಳೆಯ ಸಂಕದ ಕೆಳಗೆ
ಮೊಣಕಾಲುದ್ದ ನೀರಲ್ಲಿ ನಿಂತು
ಗುಳ್ಳೆ ಒಂದೂ ಉಳಿಯದ ಹಾಗೆ
ಬಾಟಲಿ ಮುಳುಗಿಸಿ ಬಿರಡೆ ಒತ್ತಿದೆವು.
ಆಮೇಲೆ ನೆನಪಾಯಿತು ಮಿಸ್ರಿಯಾಳಿಗೆ:
ಅಲ್ಲೇ ಹಾಕಬೇಕಿದ್ದ ಎರಡು ಹನಿ ಮದ್ದು
ಲ್ಯಾಬಿನ ಕಿಟಕಿಯಲ್ಲೇ ಉಳಿದಿದೆ.

ಸರಿ, ಬಸ್ಸು.
ಹೊಳೆ ನನ್ನ ಮಡಿಲಲ್ಲಿ,
ಯೂನಿಫಾರ್ಮಿನ ಮೇಲೆ ಒದ್ದೆ ಬಳೆ.
‘ಎಂದಾ ಇದ್?’ ಎಂದ ಕಂಡಕ್ಟರ್.
‘ವೆಳ್ಳಂ’ ಅಂದೆ.
ಮನೆಯಲ್ಲಿ ಅದು ನೀರ್, ಪರೀಕ್ಷೆಯಲ್ಲಿ ಜಲ.
ಆರಿಕ್ಕಾಡಿಯಲ್ಲಿ ಹೆದ್ದಾರಿ ಅಗೆದಿದ್ದರು;
ಮುಕ್ಕಾಲು ಗಂಟೆ ನಿಂತಲ್ಲೇ ಬಿಸಿಲು.
ಬಿಗಿದ ಗಾಜಿನೊಳಗೆ
ಕಣ್ಣಿಗೆ ಕಾಣದ್ದು ಏನೋ
ಇದ್ದಷ್ಟು ಗಾಳಿಯನ್ನು ಉಸಿರಾಡುತ್ತಿತ್ತು.

ಲ್ಯಾಬಿನಲ್ಲಿ ನೀಲಿ ಬೇಗ ಮಾಯವಾಯಿತು,
ಬ್ಯೂರೆಟ್ಟು ಇಳಿದದ್ದೇ ಗೊತ್ತಾಗಲಿಲ್ಲ.
ಮೂರು ಬಿಂದು ಒಂದು.
‘ಹೊಳೆ ಸತ್ತಿದೆ’ ಎಂದು ಯಶ್ವಿತ್
ಸ್ಕೇಲಿಟ್ಟು ಗೆರೆ ಎಳೆದು ಬರೆದುಕೊಂಡ.

ದೋಷಕ್ಕೆ ಕಾರಣ ಎಂಬ ಕಾಲಮ್ಮಿನಲ್ಲಿ
ನಾನು ಬರೆದೆ:
ಬಸ್ಸು ತಡವಾಯಿತು ಸರ್.
ದಾರಿಯುದ್ದಕ್ಕೂ ಅದು ಬದುಕಿತ್ತು.

ಎರಡನೆಯ ಸಾಲಿಗೆ ಕೆಂಪು ಶಾಯಿ.
ಶನಿವಾರ ಮತ್ತೆ ಹೋಗಬೇಕು;
ಮದ್ದಿನ ಶೀಶೆ ಈಗಲೇ
ಮಿಸ್ರಿಯಾಳ ಬುತ್ತಿಚೀಲದಲ್ಲಿದೆ,
ಉಪ್ಪಿನಕಾಯಿಯ ಪಕ್ಕ.